ಸಾಕ್ಷಿಗೆ ಏನೂ ಸಿಗುವುದಿಲ್ಲ

ತನ್ನ ಬಿಲ್ಡಿಂಗಿನಲ್ಲಿ ತಾನೇ ರಿಪೇರಿ ಮಾಡಿದ ಲಿಫ್ಟಿನೊಳಗೆ ತಾನೇ ಸಿಕ್ಕಿಕೊಂಡಾಗ ಲಿಫ್ಟ್ ಮೆಕ್ಯಾನಿಕ್‌ಗೆ ಸಾವಿನ ಯೋಚನೆ ಬಂತು. ಸಾವಿಗಿಂತ ಹೆಚ್ಚಾಗಿ ತನ್ನ ಎರಡು ಕೋಣೆಯ ಮನೆಯ ಯೋಚನೆ. ಬಸ್ಸು ಓಡಿಸುವ ಗೆಳತಿಯ ಜೊತೆ ಅಲ್ಲಿ ಸಂಸಾರ ಹೂಡಿ ವರ್ಷಗಳೇ ಆಗಿದ್ದವು. ಮದುವೆ ಮಾತ್ರ ಮುಂದಿನ ಸ್ಟಾಪಿಗೆ, ಅದರ ಮುಂದಿನ ಸ್ಟಾಪಿಗೆ ಎಂದು ಹೋಗುತ್ತಲೇ ಇತ್ತು. ಈಗ ಹಗ್ಗ ಕಿತ್ತುಹೋದರೆ ಮನೆ ಅಣ್ಣನ ಪಾಲು. ಆ ಅಣ್ಣ ಅವಳನ್ನು ಕರೆಯುವುದೇ 'ನಿನ್ನ ಬಾಡಿಗೆಯವಳು' ಎಂದು.

ಹೊರಗೆ ಬಂದವನೇ ವಕೀಲಮ್ಮನ ಆಫೀಸಿಗೆ ಓಡಿದ. ಮನೆ ಗೆಳತಿಗೆ ಎಂದು ಅರ್ಧ ಪುಟದ ಉಯಿಲು ತಯಾರಾಯಿತು.

"ಇಬ್ಬರು ಸಾಕ್ಷಿ ಬೇಕು. ನೆನಪಿರ್ಲಿ, ಸಾಕ್ಷಿ ಹಾಕಿದವರಿಗೆ ಉಯಿಲಿನಲ್ಲಿ ಏನೂ ಸಿಗಲ್ಲ."

"ಅದೇನ್ ಮಹಾ ಬಿಡಿ ಮೇಡಂ. ನಮ್ಮ ಬಿಲ್ಡಿಂಗಿನವರು ನನಗೆ ಪ್ರಾಣ ಬೇಕಾದ್ರೂ ಕೊಡ್ತಾರೆ."

ಕೆಳಮನೆಯ ನಿವೃತ್ತ ಮೇಷ್ಟ್ರು ಪ್ರಾಣದ ಮಾತಿರಲಿ, ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ಅಂದ್ರೆ ನನಗೇನೂ ಇಲ್ಲ ಅಂತ ನಾನೇ ಸಹಿ ಹಾಕಬೇಕೇನಪ್ಪಾ?"

"ಹಾಗಲ್ಲ ಮೇಷ್ಟ್ರೇ..."

"ಹಾಗೇ. ಒಂದು ಏಣಿಗೂ ನಾನು ಬೇಡವಾದೆ ನೋಡು."

ಮೆಕ್ಯಾನಿಕ್‌ನ ಏಣಿ ಮೇಷ್ಟ್ರ ಮನೆಯಲ್ಲೇ ಇತ್ತು, ಒಯ್ದವರು ಹಿಂದಿರುಗಿಸಿರಲಿಲ್ಲ. ಮನಸ್ಸು ತಡೆಯದೆ ಮೆಕ್ಯಾನಿಕ್ 'ಏಣಿ, ಮೇಷ್ಟ್ರಿಗೆ' ಎಂದು ಕೆಳಗೆ ಬರೆದ. ಮೇಷ್ಟ್ರ ಮುಖ ಅರಳಿತು. "ಈಗ ನಾನು ಸಾಕ್ಷಿ ಹಾಕೋ ಹಾಗಿಲ್ಲ, ಅಲ್ವಾ?"

ಎದುರುಮನೆಯ ನರ್ಸಮ್ಮ ಕಾಗದ ನೋಡುವ ಮೊದಲೇ ಅವನ ನಾಡಿ ಹಿಡಿದಳು. ಇನ್ನೊಂದು ಕೈಯಲ್ಲಿ ಅವನದೇ ಫೋನ್ ಎತ್ತಿ ಅಣ್ಣನಿಗೆ, "ತಮ್ಮ ಉಯಿಲು ಬರೀತಿದಾರೆ, ತಡಮಾಡಬೇಡಿ" ಎಂದಳು. ಆಮೇಲೆ ಮೆಲ್ಲಗೆ, "ಫ್ರಿಡ್ಜ್ ಯಾರಿಗೆ?"

ಫ್ರಿಡ್ಜೂ ಹೋಯಿತು. ಸಾಕ್ಷಿಗಳು ಸೋರಿಹೋಗುತ್ತಿದ್ದರು, ಉಯಿಲು ಮದುವೆಮನೆಯ ಊಟದೆಲೆಯಂತೆ ತುಂಬುತ್ತಿತ್ತು. ಸಂಜೆಯ ಹೊತ್ತಿಗೆ ಬಿಲ್ಡಿಂಗಿನಲ್ಲಿ ಉಯಿಲಿನ ಹೊರಗೆ ಉಳಿದಿದ್ದವನು ಬರೆದವನೊಬ್ಬನೇ. ಅವನ ತಲೆಯಲ್ಲಿದ್ದದ್ದೂ ಒಂದೇ ಮಾತು: ಎರಡು ಸಹಿ.

ಏದುಸಿರು ಬಿಡುತ್ತಾ ಅಣ್ಣ ಬಂದ. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿದ್ದ. ತಮ್ಮನಿಗಿಂತ ಅವನೇ ಸಾಯುವ ಹಾಗಿದ್ದ. ತಮ್ಮ ಸಾಕ್ಷಿ ಸಹಿಗೆಂದು ಕಾಗದ ಮುಂದೊಡ್ಡಿದ. "ಏನೋ ಆಯ್ತು ನಿನಗೆ? ಎಲ್ಲಿ ಹಾಕಬೇಕು ಹೇಳೋ!" ಎಂದು ಕಣ್ಣೀರಿನಲ್ಲಿ ಓದದೆಯೇ ಸಹಿ ಗೀಚಿದ.

ಅಷ್ಟರಲ್ಲಿ ಗೆಳತಿ ಕೆಲಸ ಮುಗಿಸಿ ಬಂದಳು. ತುಂಬಿದ ಬಸ್ಸಿಗೇ ಜಗ್ಗದವಳು ತುಂಬಿದ ಮನೆಗೆ ಜಗ್ಗುತ್ತಾಳೆಯೇ?

"ಏನ್ರೀ ಇದು ಗುಂಪು? ಲಿಫ್ಟಿನ ದೂರು ಅರ್ಜೀನಾ?"

"ಒಂದು ಸಹಿ ಕಮ್ಮಿ ಇದೆ" ಎಂದ ಮೆಕ್ಯಾನಿಕ್ ದೀನನಾಗಿ.

"ಒಂದು ಸಹಿಗೆ ಇಷ್ಟು ಜನಾನಾ? ಕೊಡಿ ಇಲ್ಲಿ." ಹಾಕಿಯೇಬಿಟ್ಟಳು.

ಎರಡು! ಮೆಕ್ಯಾನಿಕ್ ಕುಣಿದಾಡಿ ಫೋಟೋ ತೆಗೆದು ವಕೀಲಮ್ಮನಿಗೆ ಕಳಿಸಿದ. ಕೂಡಲೇ ಫೋನ್ ಬಂತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಏನ್ರೀ ಮಾಡಿದ್ರಿ? ಮನೆ ಪಡೆಯೋರೇ ಸಾಕ್ಷಿ ಹಾಕಿದ್ದಾರೆ! ಅವರಿಗೆ ಏನೂ ಸಿಗಲ್ಲ. ಮನೆ ನಿಮ್ಮ ಅಣ್ಣನಿಗೇ ಹೋಗುತ್ತೆ."

ಅಣ್ಣನ ಕಣ್ಣೀರು ನಲ್ಲಿ ತಿರುಗಿಸಿದಂತೆ ನಿಂತಿತು.

ಗೆಳತಿ ಆಗಷ್ಟೇ ಕಾಗದ ಓದಿದಳು, ಎರಡು ಸಲ. "ನನಗೆ ಮನೆ ಬರೆದಿದ್ಯಾ? ಅದನ್ನ ನನ್ನ ಕೈಯಿಂದಲೇ ಕಿತ್ತುಕೊಂಡ್ಯಾ? ನಿನ್ನಂಥ ಜಾಣ ಇನ್ನೊಬ್ಬ ಇಲ್ಲ ಬಿಡು."

"ಹೊಸದಾಗಿ ಬರೆಸಿ, ಬೇರೆ ಇಬ್ಬರನ್ನ ಹುಡುಕಿ" ಎಂದರು ವಕೀಲಮ್ಮ. ಮೆಕ್ಯಾನಿಕ್ ಸುತ್ತ ನೋಡಿದ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡರು.

"ಮೇಡಂ, ಮದುವೆ ಆಗಿಬಿಟ್ರೆ?" ಎಂದಳು ಗೆಳತಿ.

"ಆಗ ಮನೆ ಹೆಂಡತಿಗೇ. ಉಯಿಲಿನ ಗೋಜೇ ಬೇಡ."

ಮೆಕ್ಯಾನಿಕ್‌ಗೆ ಕಣ್ಣು ತುಂಬಿಬಂತು. ಇಷ್ಟು ಸುಲಭದ ದಾರಿ ಇಷ್ಟು ವರ್ಷ ಅವನ ಮಂಡೆಗೆ ಹೊಳೆದಿರಲಿಲ್ಲ. "ನಾಳೇನೇ ಆಗೋಣ! ಮೇಡಂ, ಅದಕ್ಕೇನು ಬೇಕು?"

"ನೀವಿಬ್ಬರು. ಜೊತೆಗೆ ಮೂರು ಸಾಕ್ಷಿ."

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು.

"ಏಣಿ ಆಗಿನ ಲೆಕ್ಕಕ್ಕೆ ಹೋಯ್ತಪ್ಪಾ. ಈ ಸಹಿಗೇನು?"