ಇಪ್ಪತ್ತೊಂದು ಮಿಲಿಮೀಟರ್ ಎತ್ತರದ ಹೆಂಗಸು

ಆ ಹೆಂಗಸಿನ ಎತ್ತರ ಇಪ್ಪತ್ತೊಂದು ಮಿಲಿಮೀಟರ್. ವರ್ನಿಯರ್ ಹಿಡಿದು ನಾನೇ ಅಳೆದಿದ್ದೇನೆ.

ನಮ್ಮ ಚಿಕ್ಕಪ್ಪ ಹನ್ನೊಂದು ವಾರ ಈ ಹೆಂಗಸಿನ ಹಿಂದೆ ಬಿದ್ದಿದ್ದರು. ಊಟ ಮರೆತರು, ಕ್ಷೌರ ಮರೆತರು, ಒಂದು ದಿನ ಒಲೆಯ ಮೇಲಿಟ್ಟ ಹಾಲನ್ನೂ ಮರೆತರು. ವಿಷಯ ಚಿಕ್ಕಮ್ಮನಿಗೂ ಗೊತ್ತಿತ್ತು. ‘ಇರ್ಲಿ ಬಿಡೇ, ನನ್ನ ಅಡುಗೆಮನೇಲೇನೂ ಜಾಗ ಕೇಳಲ್ವಲ್ಲ ಅವಳು’ ಎಂದು ಹುರುಳಿಕಾಯಿ ಮುರಿಯುತ್ತ ಹೇಳುತ್ತಿದ್ದರು. ಇಷ್ಟು ದೊಡ್ಡ ಮನಸ್ಸಿನ ಹೆಂಡತಿ ಎಷ್ಟು ಜನರಿಗೆ ಸಿಗುತ್ತಾಳೆ ಹೇಳಿ!

ಜಾಗ ಕೇಳಿದ್ದು ಆ ಹೆಂಗಸಲ್ಲ, ಅವಳ ದೇಶ. ವರ್ತೂರಿನ ಈ ಬಾಡಿಗೆ ಮನೆಯಲ್ಲಿ ಎರಡು ಮಲಗುವ ಕೋಣೆಗಳಿವೆ. ಒಂದು ಚಿಕ್ಕಪ್ಪ ಚಿಕ್ಕಮ್ಮನದು. ಮಹದೇವಪುರದಲ್ಲಿ ಕೆಲಸ ಸಿಕ್ಕಿ ನಾನು ಬರುವ ಹೊತ್ತಿಗೆ ಇನ್ನೊಂದು ಐರ್ಲೆಂಡಿಗೆ ಹೋಗಿತ್ತು. ಎದೆಯೆತ್ತರದ ಹಲಗೆಯ ಮೇಲೆ, ಗೋಡೆಯಿಂದ ಗೋಡೆಗೆ, ಆ ದೇಶದ ಹಳ್ಳಿಗಾಡಿನಲ್ಲಿ ಎಂದೋ ಓಡುತ್ತಿದ್ದ, ಎಂದೋ ಹಳಿ ಕಿತ್ತುಹಾಕಿದ ಪುಟ್ಟ ರೈಲುಮಾರ್ಗವೊಂದರ ಮಾದರಿ ಹಬ್ಬಿದೆ. ಎಲ್ಲವೂ ಅಸಲಿಯ ಎಪ್ಪತ್ತಾರರಲ್ಲಿ ಒಂದು ಪಾಲು. ನನ್ನ ಮಂಚ ಆ ಹಲಗೆಯ ಅಡಿಯಲ್ಲಿದೆ. ಅಂದರೆ, ನಾನು ಐರ್ಲೆಂಡಿನ ಕೆಳಗೆ ಮಲಗುತ್ತೇನೆ. ಗಾಬರಿಯಲ್ಲಿ ಎದ್ದು ಕೂತರೆ ತಲೆ ಆ ದೇಶಕ್ಕೆ ಬಡಿಯುತ್ತದೆ, ಮೇಲೆ ಗಾಡಿ ಹಳಿ ತಪ್ಪುತ್ತದೆ. ಚಿಕ್ಕಪ್ಪ ಓಡಿ ಬಂದು ಮೊದಲು ಗಾಡಿಯನ್ನು ನೋಡುತ್ತಾರೆ, ಆಮೇಲೆ ನನ್ನ ತಲೆಯನ್ನು.

ಚಿಕ್ಕಪ್ಪ ಐರ್ಲೆಂಡನ್ನು ಕಂಡವರಲ್ಲ. ಅವರು ಕಂಡ ಅತಿ ದೂರದ ಊರು ಸೊಲ್ಲಾಪುರ. ದಾವಣಗೆರೆ ಕಡೆಯಿಂದ ಬಂದು, ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಲೇತ್ ತಿರುಗಿಸಿಯೇ ನಿವೃತ್ತರಾದವರು. ಒಮ್ಮೆ ಅಲ್ಲಿಗೆ ಗ್ರೈಂಡಿಂಗ್ ಯಂತ್ರ ಕೂರಿಸಲು ಐರ್ಲೆಂಡಿನಿಂದ ಒಬ್ಬ ಫಿಟ್ಟರ್ ಬಂದರಂತೆ. ಯಾವುದೋ ಭಾಗ ಬಂದರಿನಲ್ಲಿ ಸಿಕ್ಕಿಹಾಕಿಕೊಂಡು ಮೂರು ವಾರ ಸುಮ್ಮನೆ ಕೂರಬೇಕಾಯಿತು. ಅವರ ಇಂಗ್ಲಿಷ್ ಚಿಕ್ಕಪ್ಪನಿಗೆ ತಿಳಿಯದು, ಚಿಕ್ಕಪ್ಪನ ಇಂಗ್ಲಿಷ್ ಯಾರಿಗೂ ತಿಳಿಯದು! ಆದರೆ ಇಬ್ಬರಿಗೂ ಡ್ರಾಯಿಂಗ್ ಗೊತ್ತಿತ್ತು. ಊಟದ ಬಿಡುವಿನಲ್ಲಿ ಹಳೆಯ ಡ್ರಾಯಿಂಗ್ ಹಾಳೆಗಳ ಹಿಂಬದಿಯಲ್ಲಿ ಆ ಫಿಟ್ಟರ್ ತಾವು ಹುಟ್ಟಿ ಬೆಳೆದ ರೈಲ್ವೆ ಗೇಟನ್ನು, ಪಕ್ಕದ ಮನೆಯನ್ನು, ನಿಲ್ದಾಣವನ್ನು ಮೇಲಿನ ನೋಟ, ಎದುರು ನೋಟ, ಅಡ್ಡಕೊಯ್ತ ಸಹಿತ ಬರೆದುಕೊಟ್ಟರು. ಗೇಟು ಕಾಯುತ್ತಿದ್ದವರು ಅವರ ತಾಯಿ. ಅಂದಿನಿಂದ ಚಿಕ್ಕಪ್ಪ ಅವರನ್ನು ‘ನಮ್ ಸಾಹೇಬ್ರು’ ಎನ್ನುತ್ತಾರೆ.

ಈಗ ಸಾಹೇಬರಿಗೆ ತುಂಬ ವಯಸ್ಸಾಗಿದೆ. ನೆನಪು ಸೋರುತ್ತಿದೆ ಎಂದು ಅವರ ಮಗಳು ಬರೆದಳು. ಈ ವಾರ ಹೇಳಿದ್ದು ಮುಂದಿನ ವಾರ ಇರುವುದಿಲ್ಲವಂತೆ. ಅಂದಿನಿಂದ ಚಿಕ್ಕಪ್ಪನಿಗೆ ಅವಸರ. ಪೂರ್ತಿ ಸೋರುವುದರೊಳಗೆ ಗೇಟು ಮುಗಿಸಿ ತೋರಿಸಬೇಕು! ಚಿಕ್ಕಪ್ಪ ಕೇಳುವುದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುವುದು ನನ್ನ ಪಾಲಿನ ಕೆಲಸ.

‘ಬರಿಯವ್ವ. ಗೇಟಿನ ಕಂಬ ಎಷ್ಟು ಎತ್ತರ? ಪ್ಲಸ್ ಆರ್ ಮೈನಸ್ ಎಷ್ಟು?’

‘ಚಿಕ್ಕಪ್ಪ, ಅವರಿಗೆ ಮಗಳ ಹೆಸರೇ ಕೆಲವೊಮ್ಮೆ ಮರೆಯುತ್ತಂತೆ.’

‘ಅದಕ್ಕೇ ಕೇಳಾದು. ಯಂತ್ರದ ಬಿಡಿಭಾಗ ಹೇಳಿದ ಅಳತೆಗಿಂತ ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ನಡೀತದೆ. ಅದಕ್ಕ ಟಾಲರೆನ್ಸ್ ಅಂತಾರೆ. ನೆನಪಿಗೂ ಟಾಲರೆನ್ಸ್ ಇರ್ತದವ್ವ. ಎಷ್ಟು ಅಂತ ಹೇಳಿದ್ರೆ ಸಾಕು, ಉಳಿದಿದ್ದು ನಾ ನೋಡ್ಕೊಂತೀನಿ.’

ಪ್ಲಸ್ ಆರ್ ಮೈನಸ್ ಒಂದು ಗೇಣು ಎಂದು ಉತ್ತರ ಬಂತು! ಚಿಕ್ಕಪ್ಪ ಅದನ್ನು ಎಪ್ಪತ್ತಾರರಿಂದ ಭಾಗಿಸಿ, ಕಂಬ ಕೊರೆದರು.

ಈ ರೈಲಿಗೆ ವೇಳಾಪಟ್ಟಿಯೂ ಇದೆ. ಒಮ್ಮೆ ಸುರಂಗದೊಳಗೆ ಹಲ್ಲಿಯೊಂದು ಮಲಗಿತ್ತು. ‘ಓಡಿಸ್ರೀ ಅದನ್ನ’ ಎಂದರು ಚಿಕ್ಕಮ್ಮ. ‘ಆ ಊರಾಗೆ ಹಳಿ ಮ್ಯಾಲೆ ಹಸ ಮಲಗಿದ್ರೆ ಗಾಡಿ ನಿಲ್ಲಿಸ್ತಿದ್ರಂತೆ. ನಾವು ಅವಸರ ಮಾಡಿದ್ರೆ ಹೆಂಗೆ?’ ಎಂದ ಚಿಕ್ಕಪ್ಪ, ದಾಖಲೆ ಪುಸ್ತಕದಲ್ಲಿ ‘ಜಾನುವಾರು ಅಡ್ಡ, ಇಪ್ಪತ್ತೆರಡು ನಿಮಿಷ ತಡ’ ಎಂದು ಬರೆದು ಸಹಿ ಹಾಕಿದರು. ನನ್ನನ್ನೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಗಡಿಯಾರ ಹಿಡಿದು ನಿಂತು, ನನ್ನ ಬಸ್ಸು ಎಷ್ಟು ತಡ ಎಂದು ಅದೇ ಪುಸ್ತಕದಲ್ಲಿ ಬರೆಯುತ್ತಾರೆ. ಕೆಳಗೆ ಸ್ಟಾಪಿನಲ್ಲಿ ಅರ್ಧ ವರ್ತೂರು ನಿಂತಿರುತ್ತದೆ. ನಾನು ತಲೆ ಎತ್ತುವುದೇ ಇಲ್ಲ. ಮೇಲಿರುವವರು ಯಾರೋ ನನಗೇನು ಗೊತ್ತು!

ಮನೆಯ ಯಜಮಾನರು ಇದೇ ಊರಿನ ಗೌಡರು. ಒಂದು ದಿನ ನಲ್ಲಿ ನೋಡಲು ಬಂದವರು ಹಲಗೆಯ ಮುಂದೆ ನಿಂತೇಬಿಟ್ಟರು.

‘ಏನ್ ಸಾರ್, ಇಷ್ಟೊಂದು ಜಾಗ ಇಂಗೇ ಖಾಲಿ ಬಿಟ್ಟವ್ರೆ? ನಲವತ್ ಸೈಟ್ ಆಯ್ತವೆ!’

‘ಮೇವಿನ ಹೊಲ ಗೌಡ್ರೇ ಅದು. ಪಕ್ಕದ್ದು ಕೆರೆ.’

‘ಕೆರೆ ಅಂತೀರಾ, ನಮ್ ವರ್ತೂರ್ ಕೆರೆ ತರ ನೊರೆನೇ ಇಲ್ವಲ್ಲ?’ ಎಂದು ನಕ್ಕರು. ಆಮೇಲೆ ಬಗ್ಗಿ, ಬಹಳ ಹೊತ್ತು ಆ ಅಂಗೈಯಗಲದ ನೀರನ್ನು ನೋಡಿ, ‘ನಮ್ದೂ ಅಂಗೇ ಇತ್ತು ಸಾರ್’ ಎಂದವರು ನಲ್ಲಿ ನೋಡುವುದನ್ನು ಮರೆತು ಹೋದರು. ನಲ್ಲಿ ಈಗಲೂ ಸೋರುತ್ತಿದೆ.

ಚಿಕ್ಕಪ್ಪ ಸೋತದ್ದು ಮನುಷ್ಯರನ್ನು ಮಾಡುವುದರಲ್ಲಿ. ಹಿತ್ತಾಳೆ ತಂತಿ ಬಗ್ಗಿಸಿ, ಮೇಲೆ ಪುಟ್ಟಿ ಮೆತ್ತಿ ಐದು ಪ್ರಯಾಣಿಕರನ್ನು ಮಾಡಿ ಫೋಟೋ ಕಳಿಸಿದರು. ಮಗಳ ಉತ್ತರ ಬಂತು: ಅಪ್ಪ ತುಂಬ ದಿನದ ಮೇಲೆ ನಕ್ಕರು. ಆ ಮನುಷ್ಯನ ಕೈಯಲ್ಲಿರುವ ಮೂರಂತಸ್ತಿನ ವಸ್ತು ಏನೆಂದು ಕೇಳುತ್ತಿದ್ದಾರೆ. ಮತ್ತು ಎಲ್ಲರೂ ಯಾಕೆ ಪ್ಲಾಟ್‌ಫಾರ್ಮಿನಿಂದ ಕತ್ತು ಹೊರಗೆ ಚಾಚಿದ್ದಾರೆ?

‘ಟಿಫಿನ್ ಕ್ಯಾರಿಯರ್ ಇಲ್ದೆ ರೈಲು ಹತ್ತುತಾರಾ?’ ಚಿಕ್ಕಪ್ಪನಿಗೆ ನಿಜವಾಗಿಯೂ ಆಶ್ಚರ್ಯ. ‘ರೈಲು ಬರೋವಾಗ ಬಗ್ಗಿ ನೋಡದೆ ಇರ್ತಾರೇನವ್ವ?’

ಎಲ್ಲ ಮುಗಿದು ಉಳಿದದ್ದು ಗೇಟು ಕಾಯುತ್ತಿದ್ದ ಸಾಹೇಬರ ತಾಯಿ. ಆಕೆಯ ಒಂದು ಫೋಟೋ ಕೂಡ ಇಲ್ಲ. ಯಾವ ಕೈಯಲ್ಲಿ ಬಾವುಟ? ಯಾವ ಕಡೆ ಮುಖ? ಭಾರ ಯಾವ ಕಾಲಿನ ಮೇಲೆ? ನಾನು ಬರೆದೆ. ಉತ್ತರ ಎರಡೇ ಸಾಲು: ಅಪ್ಪನಿಗೆ ನೆನಪಿಲ್ಲ. ಅಮ್ಮ ಅಲ್ಲಿ ಇರುತ್ತಿದ್ದಳು ಎಂಬುದಷ್ಟೇ ನೆನಪಿದೆಯಂತೆ.

‘ಇರ್ತಿದ್ಲು’ ಎಂಬುದಕ್ಕೆ ಅಳತೆ ಎಲ್ಲಿಂದ ತರುವುದು? ಆ ಹನ್ನೊಂದು ವಾರ ಶುರುವಾದದ್ದು ಹೀಗೆ. ಮಾಡಿದರು, ಮುರಿದರು. ಒಂದು ಸಲ ಬಾವುಟ ಹಿಡಿದ ಹೆಂಗಸು ಥೇಟ್ ಟ್ರಾಫಿಕ್ ಪೊಲೀಸಿನಂತಿದ್ದಳು. ಇನ್ನೊಂದು ಸಲ ‘ಇದೇನ್ರೀ, ನಿಮ್ಮ ಹಳೇ ಫೋರ್‌ಮನ್ನಿಗೆ ಲಂಗ ಹಾಕಿದೀರಾ?’ ಎಂದರು ಚಿಕ್ಕಮ್ಮ. ತಿರಸ್ಕೃತ ಹೆಂಗಸರೆಲ್ಲ ಉಪ್ಪಿನಕಾಯಿ ಬಾಟಲಿಯಲ್ಲಿ ಸೇರಿದರು. ಅತ್ತ ಸಾಹೇಬರು ಮಾತು ಕಡಿಮೆ ಮಾಡಿದ್ದರು.

ಕಳೆದ ಮಂಗಳವಾರ ಸಂಜೆ ಚಿಕ್ಕಪ್ಪ ಡ್ರಾಯಿಂಗ್ ಹಾಳೆಗಳನ್ನೆಲ್ಲ ಮಡಿಸಿಟ್ಟರು. ಯಾವ ಅಳತೆಯನ್ನೂ ನೋಡದೆ, ಒಂದೇ ಕೂರಿಕೆಯಲ್ಲಿ ಒಬ್ಬಳನ್ನು ಮಾಡಿ ಗೇಟಿನ ಪಕ್ಕ ಅಂಟಿಸಿದರು. ‘ಕಳಿಸಿಬಿಡವ್ವ’ ಎಂದರು. ನಾನು ಸರಿಯಾಗಿ ನೋಡದೆ ಫೋಟೋ ಕಳಿಸಿದೆ. ಜೊತೆಗೆ, ಪ್ಲಸ್ ಆರ್ ಮೈನಸ್ ಎಷ್ಟು ಎಂದು ಅಭ್ಯಾಸಬಲದಿಂದ ಕೇಳಿದೆ.

ಬುಧವಾರ ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗ ಉತ್ತರ ಬಂತು. ಗಟ್ಟಿಯಾಗಿ, ಕನ್ನಡ ಮಾಡಿ ಓದಿದೆ: ‘ಅಪ್ಪ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡು ಕೂತಿದ್ದರು. “ಅಮ್ಮ” ಅಂದರು. ಆಮೇಲೆ ನಿಮ್ಮ ಪ್ರಶ್ನೆ ಓದಿ ಹೇಳಿದೆ. ಸೊನ್ನೆ, ಪ್ಲಸ್ ಆರ್ ಮೈನಸ್ ಸೊನ್ನೆ ಎಂದು ಬರೆಯಲು ಹೇಳಿದರು.’

ಚಿಕ್ಕಮ್ಮ ಹುರುಳಿಕಾಯಿ ಬಿಟ್ಟು ಒಳಗೆ ಹೋದರು. ನಾನು ವರ್ನಿಯರ್ ತೆಗೆದುಕೊಂಡು ಗೇಟಿನ ಬಳಿ ಬಗ್ಗಿದೆ. ಅಳೆದೆ. ಆಗಲೇ ನೋಡಿದ್ದು. ಎಡಗೈ ಸೊಂಟದ ಮೇಲೆ, ಭಾರವೆಲ್ಲ ಬಲಗಾಲಿನ ಮೇಲೆ, ಗದ್ದ ಸ್ವಲ್ಪ ಮೇಲಕ್ಕೆ. ನಮ್ಮ ಅಜ್ಜಿ, ಚಿಕ್ಕಪ್ಪನ ತಾಯಿ! ಪೀಣ್ಯದ ಹಳೆಯ ವಠಾರದ ಗೇಟಿನಲ್ಲಿ ಸದಾ ಹಾಗೇ ನಿಲ್ಲುತ್ತಿದ್ದರು.

‘ಚಿಕ್ಕಪ್ಪ, ಇದು...’

‘ಹೂಂ.’ ಅವರು ಇಂಜಿನ್ನಿನ ಧೂಳು ಒರೆಸುತ್ತಿದ್ದರು. ‘ನಾ ಕಾರ್ಖಾನೆ ಬಸ್ಸು ಹತ್ತೋವಾಗ ದಿನಾ ಗೇಟಿಗೆ ಬಂದು ನಿಲ್ತಿದ್ಲು. ಗೆಳೆಯರು ನಗ್ತಾರಂತ ನಾ ಒಂದಿನಾನೂ ತಿರುಗಿ ನೋಡ್ಲಿಲ್ಲವ್ವ. ಆದ್ರೆ ಮುಂದಿನ ಸೀಟಿಗೆ ಬಸ್ಸಿನ ಹೊರಗಿನ ಕನ್ನಡಿ ಕಾಣ್ತಿತ್ತು. ತಿರುವಿನಾಗೆ ಆ ಕನ್ನಡಿಯೊಳಗೆ ಇಷ್ಟೇ ಇರ್ತಿದ್ಲು.’ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಜಾಗ ಬಿಟ್ಟು ತೋರಿಸಿದರು. ವರ್ನಿಯರ್ ನನ್ನ ಕೈಯಲ್ಲೇ ಇತ್ತು. ಅಳೆಯಲಿಲ್ಲ.

ಮರುದಿನ ಬೆಳಿಗ್ಗೆ ಐರ್ಲೆಂಡಿಗೆ ತಲೆ ತಾಗಿಸದೆ ಎದ್ದು, ತಿಂಡಿ ತಿಂದು, ಕೆಳಗೆ ಸ್ಟಾಪಿಗೆ ಹೋದೆ. ಬಸ್ಸು ಬಂತು. ಅರ್ಧ ವರ್ತೂರು ನೋಡುತ್ತಿರುವಂತೆಯೇ ನಾನು ಮೆಟ್ಟಿಲ ಮೇಲೆ ನಿಂತು, ತಿರುಗಿ, ಬಾಲ್ಕನಿಯತ್ತ ಕೈಯೆತ್ತಿ ಬೀಸಿದೆ.

‘ನಾಕು ನಿಮಿಷ ತಡ!’ ಎಂದು ಮೇಲಿನಿಂದ ಕೂಗಿದರು ಚಿಕ್ಕಪ್ಪ.