ನರಪಿಳ್ಳೆಯಿಲ್ಲದ ದ್ವೀಪ

ಬಹಳ ಹಿಂದೆ, ಎಂದರೆ ಅರಮನೆಗೂ ಪತ್ರಿಕಾಗೋಷ್ಠಿಗೂ ಇನ್ನೂ ಪರಿಚಯವಾಗಿರದ ಕಾಲದಲ್ಲಿ, ಕುಂಭಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ದಿಗಂತಸೇನ ಮಹಾರಾಜ. ಹೆಸರು ದೊಡ್ಡದು, ರಾಜ್ಯ ಮಾತ್ರ ಬೆಳಿಗ್ಗೆ ಕುದುರೆ ಹತ್ತಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದುಹೋಗುವಷ್ಟು. ಮಹಾರಾಜನಿಗೆ ಆರು ಮಂದಿ ಹೆಣ್ಣುಮಕ್ಕಳು. ಆರು ಮಂದಿಗೂ ಮನೆಅಳಿಯಂದಿರನ್ನೇ ತಂದುಕೊಂಡಿದ್ದ. ಅವರು ಬಿಸಿಲೇರಿದ ಮೇಲೆ ಎದ್ದು, ತಿಂಡಿ ಮುಗಿಸಿ, ಯಾವ ಖಾತೆ ಯಾರಿಗೆ ಎಂದು ಜಗಳವಾಡಿ, ದಣಿದು ಮತ್ತೆ ಮಲಗುತ್ತಿದ್ದರು. ರಾಜ್ಯದಲ್ಲಿ ಇದ್ದದ್ದೇ ನಾಲ್ಕು ಖಾತೆ.

ಆದರೆ ಈ ಕಥೆ ಮಹಾರಾಜನದ್ದಲ್ಲ, ಅವನ ಆಸ್ಥಾನದ ಇತಿಹಾಸಕಾರ ಹೊನ್ನಯ್ಯನದ್ದು. ರಾಜರ ಕಥೆ ಬರೆಯುವವರು ತಮ್ಮ ಕಥೆ ಬರೆದುಕೊಳ್ಳುವುದಿಲ್ಲ, ಅಷ್ಟು ಬುದ್ಧಿ ಅವರಿಗಿರುತ್ತದೆ. ಹಾಗಾಗಿ ಅದೇ ಕುಲಕ್ಕೆ ಸೇರಿದ ನಾವು, ವಾರಕ್ಕೊಂದು ಅಂಕಣ ಬರೆದು ದೇಶ ಉಳಿಸುವವರು, ಆ ಕೆಲಸ ಮಾಡಬೇಕಾಗಿದೆ. ಹೊನ್ನಯ್ಯ ನಮ್ಮ ಮೂಲಪುರುಷನೆಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇದ್ದರೂ ಅಭ್ಯಾಸವಾಗಿದೆ.

ಹೊನ್ನಯ್ಯ ಬಿಳಿದಿಬ್ಬದವನು. ಕುಂಭಾವತಿಯ ಸಂತೆಕಟ್ಟೆಯಿಂದ ದೋಣಿ ಹತ್ತಿದರೆ ಬಾಯಲ್ಲಿದ್ದ ಎಲೆಯಡಿಕೆ ಮುಗಿಯುವುದರೊಳಗೆ ಸಿಗುವ ಸಣ್ಣ ದ್ವೀಪ ಅದು. ನಾನೂರು ಜನ, ಎಲ್ಲರೂ ಉಪ್ಪಿನ ಆಗರಗಳಲ್ಲಿ ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುವವರು. ಅವರ ದೊರೆ ಯಾರೆಂದು ಅವರೂ ಕೇಳಿರಲಿಲ್ಲ, ಯಾವ ದೊರೆಯೂ ಕೇಳಿರಲಿಲ್ಲ. ತಾಯಿ ಸತ್ತ ಮೇಲೆ ಹೊನ್ನಯ್ಯನನ್ನು ಸಾಕಿ, ಅಕ್ಷರ ಕಲಿಯಲು ಈಚೆ ದಡಕ್ಕೆ ಕಳಿಸಿದವಳು ಅಕ್ಕ ಬೀರಮ್ಮ. ಅವಳು ಪ್ರತಿ ಶನಿವಾರ ಅರಮನೆಯ ಅಡುಗೆಮನೆಗೆ ಉಪ್ಪು ಹಾಕಲು ಬಂದಾಗ, ತಮ್ಮನಿಗೆಂದು ಒಣಮೀನಿನ ಕಟ್ಟೊಂದನ್ನು ಬಾಗಿಲ ಕಾವಲುಗಾರನ ಕೈಗೆ ಕೊಟ್ಟು ಹೋಗುತ್ತಿದ್ದಳು. ಆಸ್ಥಾನದಲ್ಲಿ ಹೊನ್ನಯ್ಯ ಅದನ್ನು ಪ್ರಾಚೀನ ತಾಳೆಗರಿಯೆಂದು ಹೇಳಿದ್ದ. ಪ್ರಾಚೀನ ವಸ್ತುಗಳಿಗೆ ಒಂದು ವಾಸನೆ ಇದ್ದೇ ಇರುತ್ತದೆಂದು ಪಂಡಿತರು ಒಪ್ಪಿದ್ದರು.

ಹೀಗಿರಲು, ನೆರೆಯ ಮಕರಪುರದ ದೊರೆ ಕೇತುವರ್ಮನ ಮಗಳ ಮದುವೆ ಬಂತು. ದಿಗಂತಸೇನ ಸಪರಿವಾರನಾಗಿ ಹೋದ. ಊಟಕ್ಕೆ ಎಲೆ ಹಾಕಿದಾಗ ಅಲ್ಲಿಯ ಪಾರುಪತ್ಯಗಾರ ಬಂದು ಕೈಮುಗಿದು, "ಕ್ಷಮಿಸಬೇಕು ಪ್ರಭು. ಮೊದಲನೇ ಪಂಕ್ತಿ ಸಾಗರದಾಚೆ ನಾಡು ಇರುವ ದೊರೆಗಳಿಗೆ ಮೀಸಲು. ತಮ್ಮದು ಎರಡನೇ ಪಂಕ್ತಿ" ಎಂದ. ಎರಡನೇ ಪಂಕ್ತಿಯ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಪಾಯಸಕ್ಕೆ ನೀರು ಬೆರೆಸಿದ್ದರು.

ಮಹಾರಾಜ ಮೂರು ದಿನ ಸಿಹಿ ಮುಟ್ಟಲಿಲ್ಲ. ನಾಲ್ಕನೆಯ ದಿನ ತುರ್ತು ಸಭೆ ಸೇರಿತು.

"ಇದು ಪಾಯಸದ ಪ್ರಶ್ನೆಯಲ್ಲ ಪ್ರಭು, ರಾಷ್ಟ್ರದ ಇಮೇಜಿನ ಪ್ರಶ್ನೆ" ಎಂದ ಮಹಾಮಂತ್ರಿ ಶುಭಂಕರಯ್ಯ. "ಸಾಗರದಾಚೆಯ ಕತ್ತಲ ನಾಡುಗಳು ತಮ್ಮ ಬೆಳಕಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿವೆ. ಜೊತೆಗೆ ನಮ್ಮ ಅಳಿಯದೇವರುಗಳ ಪ್ರತಿಭೆಯೂ ಇಲ್ಲಿ ಸುಮ್ಮನೆ ಕೊಳೆಯುತ್ತಿದೆ."

"ಬೆಳಿಗ್ಗೆ ಎರಡೆರಡು ಬಾರಿ ತಿಂಡಿ ತಿಂದು ಕೊಳೆಯುತ್ತಿದೆ" ಎಂದಳು ಪರದೆಯ ಹಿಂದಿನಿಂದ ಮಹಾರಾಣಿ. ಅವಳ ಅಡುಗೆಯವರು ಆಗಲೇ ಎರಡು ಸಲ ಕೆಲಸ ಬಿಟ್ಟು ಹೋಗಿದ್ದರು.

ಸಾಗರೋತ್ತರ ಬೆಳಕು ಪ್ರಾಧಿಕಾರ ಸ್ಥಾಪನೆಯಾಯಿತು. ಹಿರಿಯ ಅಳಿಯ ಅದರ ಅಧ್ಯಕ್ಷ. ಉಳಿದ ಐವರು ಉಪಾಧ್ಯಕ್ಷರು. ಆದರೆ ವಿಚಾರಿಸಿ ನೋಡಿದರೆ ದೂರದ ನಾಡುಗಳನ್ನೆಲ್ಲ ಯಾರ್ಯಾರೋ ಆಗಲೇ ಹಂಚಿಕೊಂಡು ಬೇಲಿ ಹಾಕಿಯಾಗಿತ್ತು. ಉಳಿದದ್ದು ಬಿಳಿದಿಬ್ಬ. ನಡುವೆ ಇರುವುದು ಉಪ್ಪುನೀರು, ಉಪ್ಪುನೀರೆಂದರೆ ಸಮುದ್ರ, ಆದ್ದರಿಂದ ಅದು ಸಾಗರೋತ್ತರ ಎಂದು ಶುಭಂಕರಯ್ಯ ನಿರೂಪಿಸಿದ. ಅಲ್ಲಿ ಏನೇನಿದೆ ಎಂದು ವರದಿ ಬರೆಯುವ ಕೆಲಸ ಹೊನ್ನಯ್ಯನ ಪಾಲಿಗೆ ಬಂತು.

ಹೊನ್ನಯ್ಯನಿಗೆ ಅಕ್ಕನ ಮನೆ, ಅಕ್ಕನ ಆಗರ ಎಲ್ಲ ಕಣ್ಣ ಮುಂದೆ ಬಂದವು. ನಾನೂರು ಜನ ಇದ್ದಾರೆಂದು ಬರೆದರೆ ಅವರನ್ನು ಆಳಲು ಆರು ಮಂದಿ ಅಳಿಯಂದಿರು ಹೋಗಿ ಕೂರುತ್ತಾರೆ. ಎರಡು ದಿನ ಯೋಚಿಸಿದ. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಬುದ್ಧಿವಂತರಿಗೆ ಹೊಳೆಯುವ ಉಪಾಯಗಳ ಬಗ್ಗೆ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಜನರೇ ಇಲ್ಲದ ಕಡೆ ಆಳುವುದಾದರೂ ಯಾರನ್ನು? ಅವನು ತುಂಬ ಚೆಂದದ ಅಕ್ಷರದಲ್ಲಿ ಬರೆದ: "ಬಿಳಿದಿಬ್ಬವು ಕೇವಲ ಮರಳಿನ ದಿಣ್ಣೆ. ಅಲ್ಲಿ ನರಪಿಳ್ಳೆಯೂ ಇಲ್ಲ, ಹಿಂದೆಂದೂ ಇರಲಿಲ್ಲ." ಬರೆದು ಮುಗಿಸಿ, ಅಕ್ಕನನ್ನು ಉಳಿಸಿದೆನೆಂದು ಹೆಮ್ಮೆಪಟ್ಟು ಎಲೆಯಡಿಕೆ ಹಾಕಿಕೊಂಡ.

ಮಹಾರಾಜ ವರದಿ ಕೇಳಿ ಸಿಂಹಾಸನದಿಂದ ಎದ್ದೇಬಿಟ್ಟ. "ಯಾರೂ ಇಲ್ಲವೇ? ಹಾಗಾದರೆ ಯಾರನ್ನೂ ಕೇಳಬೇಕಾಗಿಲ್ಲ!"

"ಇಂಥ ಶುಭ್ರವಾದ ನಾಡು ಪ್ರಪಂಚದಲ್ಲಿ ಇನ್ನೊಂದಿಲ್ಲ ಪ್ರಭು" ಎಂದ ಶುಭಂಕರಯ್ಯ. "ಬೇರೆ ದೊರೆಗಳ ನಾಡುಗಳಲ್ಲಿ ಜನರ ಕಾಟ."

ಹೊನ್ನಯ್ಯನಿಗೆ ಅಲ್ಲಿಯೇ ಒಂದು ಶಾಲು ಹೊದಿಸಿದರು. ಬೇಡವೆನ್ನಬೇಕೆಂದು ಅವನು ಬಾಯಿ ತೆರೆದ. ಶಾಲು ಒಳ್ಳೆಯ ರೇಷ್ಮೆಯದಾಗಿತ್ತು.

ಹಿರಿಯ ಅಳಿಯ ಆರು ಹಡಗುಗಳೊಂದಿಗೆ ಹೊರಟ. ಸಂತೆಕಟ್ಟೆಯಿಂದ ನೇರ ಹೋದರೆ ಅದನ್ನು ಅನ್ವೇಷಣೆ ಎನ್ನಲು ಬರುವುದಿಲ್ಲವೆಂದು ಪಶ್ಚಿಮಕ್ಕೆ ಹೋಗಿ, ವಾಂತಿ ಮಾಡಿಕೊಂಡು, ಹನ್ನೆರಡು ದಿನ ಸುತ್ತಾಡಿ ದ್ವೀಪದ ಹಿಂಬದಿಗೆ ಬಂದಿಳಿದ. ಅಲ್ಲಿಂದ ನೋಡಿದರೆ ಅರಮನೆಯ ಮಾಳಿಗೆಯಲ್ಲಿ ಒಣಹಾಕಿದ ಅವನದೇ ಪಂಚೆ ಕಾಣುತ್ತಿತ್ತು. ಅದಕ್ಕೆ ಬೆನ್ನು ಹಾಕಿ ನಿಂತು ಧ್ವಜ ನೆಟ್ಟ. ಧ್ವಜದ ಗುಂಡಿ ತೋಡಲು ಹಾರೆ ಕೊಟ್ಟವಳು ಬೀರಮ್ಮ. ಹುಡುಗ ಬಿಸಿಲಲ್ಲಿ ಬಾಡಿದ್ದಾನೆಂದು ಮಜ್ಜಿಗೆಯನ್ನೂ ಕೊಟ್ಟಳು.

ಸುದ್ದಿ ಮಕರಪುರಕ್ಕೆ ಮುಟ್ಟಿತು. ಕೇತುವರ್ಮನಿಗೂ ಅಳಿಯಂದಿರಿದ್ದರು. ಬಿಳಿದಿಬ್ಬದಲ್ಲಿ ಜನರಿದ್ದಾರೆ, ಅವರ ಮುಖಂಡ ಒಂದು ಕನ್ನಡಿ ತೆಗೆದುಕೊಂಡು ಇಡೀ ದ್ವೀಪವನ್ನು ನಮಗೆ ಬರೆದುಕೊಟ್ಟಿದ್ದಾನೆ, ಹೆಬ್ಬೆಟ್ಟು ಇಲ್ಲಿದೆ ಎಂದು ಅವನು ಘೋಷಿಸಿದ. ಎರಡೂ ಕಡೆಯ ಫಿರಂಗಿಗಳು ದ್ವೀಪದ ಮೇಲೆ ಮೂರು ದಿನ ಗುಂಡು ಹಾರಿಸಿದವು. ನಿರ್ಜನ ಪ್ರದೇಶದಲ್ಲಿ ಸಾವುನೋವು ಸಂಭವಿಸುವುದಿಲ್ಲವಾದ್ದರಿಂದ ಪ್ರಕಟಣೆಯಲ್ಲಿ ಸಾವುನೋವಿನ ಮಾತಿರಲಿಲ್ಲ. ಹನ್ನೊಂದು ಮನೆ ಸುಟ್ಟವು. ಹೊನ್ನಯ್ಯ ಆ ಮೂರು ದಿನವೂ ಮಾಳಿಗೆಯ ಮೇಲೆ ನಿಂತು, ಹೊಗೆ ಅಕ್ಕನ ಮನೆಯ ಕಡೆಯದೋ ಅಲ್ಲವೋ ಎಂದು ನೋಡುತ್ತಿದ್ದ. ಅಲ್ಲವೆಂದು ಖಚಿತವಾದಾಗ ಅವನಿಗೆ ಸಂತೋಷವಾಯಿತು. ಹಾಗೆ ಸಂತೋಷಪಟ್ಟದ್ದಕ್ಕೆ ಆ ರಾತ್ರಿ ಊಟ ಸೇರಲಿಲ್ಲ.

ಕೊನೆಗೆ ಮದ್ದು ಮುಗಿದು ಇಬ್ಬರು ದೊರೆಗಳೂ ಸಂಧಾನಕ್ಕೆ ಕುಳಿತರು. ಸಂಧಾನವೆಂದರೆ ಊಟ. ಈ ಸಲ ದಿಗಂತಸೇನ ಮೊದಲನೇ ಪಂಕ್ತಿಯಲ್ಲಿದ್ದ. ಎಲೆಗಳ ನಡುವೆ ದ್ವೀಪದ ನಕ್ಷೆ ಹರಡಿದ್ದರು. ಬಡಿಸುವವನ ಕೈ ಜಾರಿ ಸಾರು ಚೆಲ್ಲಿ ನಕ್ಷೆಯ ಮೇಲೆ ಉದ್ದಕ್ಕೆ ಹರಿಯಿತು. "ದೈವಸಂಕಲ್ಪ" ಎಂದ ಶುಭಂಕರಯ್ಯ. ಸಾರಿನ ಈಚೆ ಕುಂಭಾವತಿ, ಆಚೆ ಮಕರಪುರ ಎಂದು ಅಲ್ಲಿಯೇ ಸಹಿಯಾಯಿತು. ಆ ಗಡಿ ಬೀರಮ್ಮನ ಅಡುಗೆಮನೆಯ ಮೇಲೆ ಹಾದುಹೋಗಿತ್ತು. ಒಲೆ ಒಂದು ದೇಶದಲ್ಲಿ, ನೀರಿನ ಕೊಡ ಇನ್ನೊಂದು ದೇಶದಲ್ಲಿ. ಕೇತುವರ್ಮನಿಗೂ ಜನರಿಲ್ಲದ ನಾಡೇ ಲೇಸೆಂದು ತೋರಿ, ಹೊನ್ನಯ್ಯನ ವರದಿಯನ್ನು ತಾನೂ ಒಪ್ಪಿಕೊಂಡ. ಕನ್ನಡಿಯನ್ನು ವಾಪಸು ತರಿಸಿಕೊಂಡ.

ಮರುವಾರ ದ್ವೀಪದಲ್ಲಿ ನೋಟೀಸು ಅಂಟಿಸಿದರು. ನಿರ್ಜನ ನಾಡಿನಲ್ಲಿ ನಾನೂರು ಮಂದಿ ಅಕ್ರಮವಾಗಿ ಇರುವುದು ಕಂಡುಬಂದಿದೆ. ಗಡಿಯ ಈಚೆಯ ಆಗರಗಳೆಲ್ಲ ಪ್ರಾಧಿಕಾರಕ್ಕೆ ಸೇರಿದವು. ತಾವು ಮೊದಲಿನಿಂದಲೂ ಇದ್ದೇವೆ ಎನ್ನುವವರು ಇತಿಹಾಸಕಾರರಿಂದ ದೃಢೀಕರಣ ತರತಕ್ಕದ್ದು.

ಬೀರಮ್ಮ ಶನಿವಾರದ ದೋಣಿ ಹತ್ತಿ ನೇರ ದರ್ಬಾರಿಗೇ ಬಂದಳು.

"ಯಾರಮ್ಮಾ ನೀನು?" ಎಂದ ಮಹಾರಾಜ.

"ಬಿಳಿದಿಬ್ಬದ ಬೀರಮ್ಮ, ಒಡೆಯಾ. ಇಪ್ಪತ್ತು ವರ್ಷದಿಂದ ನಿಮ್ಮ ಅಡುಗೆಮನೆಗೆ ಉಪ್ಪು ಹಾಕ್ತಿರೋಳು."

"ಸಾಧ್ಯವೇ ಇಲ್ಲ" ಎಂದ ಶುಭಂಕರಯ್ಯ. "ಬಿಳಿದಿಬ್ಬವನ್ನು ಕಂಡುಹಿಡಿದು ಇನ್ನೂ ನಾಲ್ಕು ತಿಂಗಳಾಗಿಲ್ಲ."

"ಅದೆಲ್ಲ ನಂಗೆ ತಿಳಿಯಾಕಿಲ್ಲ ಸ್ವಾಮಿ. ನಾನು ಹುಟ್ಟಿದ್ದು ಅಲ್ಲೇ, ನಮ್ಮವ್ವ ಸತ್ತಿದ್ದೂ ಅಲ್ಲೇ. ನಿಮ್ಮ ಬರೆಯೋ ಅಯ್ಯನೋರು ಅಲ್ಲಿ ಕಂಬದ ಹಿಂದೆ ನಿಂತವ್ರೆ. ಅವರನ್ನೇ ಕೇಳಿ. ಅವರು ಹೇಳಿದ ಹಾಗೇ ಆಗಲಿ. ಆಗರ ಒಂದು ಬಿಟ್ಕೊಡಿ, ಬೇರೆ ಏನೂ ಬ್ಯಾಡ."

ಅವನು ತನ್ನ ತಮ್ಮನೆಂದು ಅವಳು ಹೇಳಲಿಲ್ಲ. ಆಸ್ಥಾನದಲ್ಲಿ ಅವನ ಮರ್ಯಾದೆ ಹೋಗಬಾರದೆಂದು, ಬಹುವಚನದಲ್ಲೇ ಮಾತಾಡಿದಳು.

ಹೊನ್ನಯ್ಯ ಕಂಬದ ಹಿಂದಿನಿಂದ ಬಂದ. ನಿಜ ಹೇಳಿದರೆ ತಲೆ ಹೋಗುತ್ತದೆಂಬ ಭಯವಿದ್ದಿದ್ದರೆ ಅವನು ಹೇಳಿಬಿಡುತ್ತಿದ್ದನೇನೋ. ಹುತಾತ್ಮನಾಗುವ ಆಸೆ ಬರೆಯುವವರಿಗೆಲ್ಲ ಸ್ವಲ್ಪ ಇರುತ್ತದೆ. ಆದರೆ ಹೋಗುವುದಿದ್ದದ್ದು ಶಾಲು, ಸರ್ಕಾರಿ ಮನೆ, ಮುಂದಿನ ಸೋಮವಾರದ ಸನ್ಮಾನ. ಅವನ್ನು ಬಿಡುವುದು ತಲೆ ಬಿಟ್ಟಷ್ಟು ಸುಲಭವಲ್ಲ. ನಮಗೆ ಇದು ಚೆನ್ನಾಗಿ ಗೊತ್ತು.

"ಪ್ರಭು" ಎಂದ, ನೆಲ ನೋಡುತ್ತ. "ಚಾರಿತ್ರಿಕ ದೃಷ್ಟಿಯಿಂದ ನೋಡಿದರೆ, ಈ ಹೆಂಗಸು ಇಲ್ಲ."

ದರ್ಬಾರಿನಲ್ಲಿ ಚಪ್ಪಾಳೆ ಬಿತ್ತು. ಬೀರಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಹತ್ತಿರ ಬಂದು, ಅವನೊಬ್ಬನಿಗೆ ಕೇಳುವಂತೆ, "ಸರಿ ಬಿಡು ಹೊನ್ನಾ. ನಾನಿಲ್ಲ. ನಿನ್ನ ಎತ್ತಿ ಆಡಿಸಿದ್ದು ಗಾಳಿ ಅಂದ್ಕೋ" ಎಂದು ಹೇಳಿ ಸೆರಗು ಹೊದ್ದು ಹೊರಟುಹೋದಳು.

ಸೋಮವಾರ ಸನ್ಮಾನವಾಯಿತು. ಮಹಾರಾಜ ಸಾಗರಾಂತ ಚಕ್ರವರ್ತಿಯಾದ, ಹೊನ್ನಯ್ಯ ಇತಿಹಾಸ ಚೂಡಾಮಣಿಯಾದ. ಬಿನ್ನವತ್ತಳೆಯಲ್ಲಿ ಹುಟ್ಟೂರಿನ ಜಾಗವನ್ನು ಅವನೇ ಖಾಲಿ ಬಿಡಿಸಿದ. ಮೂವರು ಅಳಿಯಂದಿರು ಅರ್ಧ ದ್ವೀಪಕ್ಕೆ ಪ್ರಾಂತಾಧಿಪತಿಗಳಾಗಿ ಹೋದರು. ಉಳಿದ ಮೂವರು ಇನ್ನೊಂದು ದ್ವೀಪ ಬೇಕೆಂದು ಧರಣಿ ಕುಳಿತರು. ಆಗರದಲ್ಲಿ ಕೆಲಸಕ್ಕೆ ಜನ ಬೇಕಾದಾಗ ಬಿಳಿದಿಬ್ಬದವರನ್ನೇ ಹಿಡಿದು ಹಚ್ಚಿದರು. ಅವರು ಕೂಲಿ ಕೇಳಿದರು. ಇಲ್ಲದವರಿಗೆ ಕೂಲಿ ಕೊಡುವ ಪದ್ಧತಿ ಯಾವ ದೇಶದಲ್ಲೂ ಇಲ್ಲವೆಂದು ಪ್ರಾಧಿಕಾರ ವಿನಯದಿಂದ ತಿಳಿಸಿತು. ಬೀರಮ್ಮ ತನ್ನದೇ ಆಗರದಲ್ಲಿ ಮೊಣಕಾಲುದ್ದ ಉಪ್ಪುನೀರಿನಲ್ಲಿ ನಿಂತು, ಹಿರಿಯ ಅಳಿಯನ ಛತ್ರಿಯ ನೆರಳು ಬೀಳದ ಕಡೆ, ಸಂಜೆಯವರೆಗೂ ಉಪ್ಪು ಎಳೆಯುತ್ತಿದ್ದಳು.

ವರ್ಷದ ಕೊನೆಗೆ ಸಾಧನೆಯ ವರದಿ ಬರೆಯುವ ಭಾಗ್ಯ ಹೊನ್ನಯ್ಯನಿಗೇ ಬಂತು. ಉಗ್ರಾಣದ ತುಂಬ ಉಪ್ಪು ಬಂದಿದೆ, ತೆಗೆದವರು ಯಾರೂ ಇಲ್ಲ, ಹೇಗೆ ಬರೆಯುವುದು ಎಂದು ಅವನು ಬಹಳ ಹೊತ್ತು ಕುಳಿತ. ಕಣ್ಣು ಒರೆಸಿಕೊಂಡ. ಆಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದ: "ಚಕ್ರವರ್ತಿಗಳ ಪುಣ್ಯವಿಶೇಷದಿಂದ ಈ ವರ್ಷ ಬಿಳಿದಿಬ್ಬದಲ್ಲಿ ಉಪ್ಪು ತಾನಾಗಿಯೇ ಬೆಳೆಯಿತು."