ಬ್ಯಾಡಗಿಯಲ್ಲಿ ತಂಗಿದ ಚೀಸ್

2006ರ ಮಾರ್ಚ್ ತಿಂಗಳ ಎರಡನೆಯ ರವಿವಾರ, ಬೆಳಗಿನ ಹತ್ತು ಗಂಟೆ. ಸ್ಥಳ, ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ಮಾಳಿಗೆಯ ಮೇಲೆ ಬಾಡಿಗೆಗಿರುವ ಲೀಸಾ, ಮನೆಗೆಲಸದ ಫಕ್ಕೀರವ್ವ. ಹಾಜರಿರಬೇಕಾಗಿದ್ದು ಇನ್ನೂ ಬಾರದವರು: ನನ್ನ ಅಣ್ಣನ ಮಗ ಗುರುಪಾದ ಮತ್ತು ಒಂದು ಗಾಲಿ ಚೀಸ್, ಅಂದರೆ ಗಾಲಿಯಂತೆ ದುಂಡಗೆ ಕಟ್ಟಿದ ಇಡೀ ಗಡ್ಡೆ.

ಹಾಜರಿ ಹಾಕದೆ ಯಾವ ಕೆಲಸವನ್ನೂ ಶುರು ಮಾಡಲು ನನಗೆ ಬರುವುದಿಲ್ಲ. ಹಾವೇರಿಯಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿ ತಲೆ ಬೆಳ್ಳಗಾಗುವವರೆಗೆ ಗಂಟೆ ಬಾರಿಸಿದವಳು ನಾನು. ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು, ಓದುವುದಕ್ಕೊಂದು. ನಿವೃತ್ತಿಯಾದ ಮೇಲೆ ಗಂಟೆ ಅಲ್ಲೇ ಉಳಿಯಿತು, ಅದರ ಸದ್ದು ನನ್ನ ಜೊತೆ ರಾಣೆಬೆನ್ನೂರಿಗೆ ಬಂತು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಮನುಷ್ಯನ ಕೈಕಾಲುಗಳನ್ನು ಶಿಸ್ತಿಗೆ ತರಬಹುದು, ನಾಲಗೆಯನ್ನು ತರಲಾಗುವುದಿಲ್ಲ. ಮೇಡ್ಲೇರಿ ಕಡೆಯ ಹುಡುಗಿಯರು ಟ್ರಂಕಿನ ತಳದಲ್ಲಿ ಶೇಂಗಾ ಚಟ್ನಿಯ ಗಂಟು ಬಚ್ಚಿಟ್ಟುಕೊಂಡೇ ಹಾಸ್ಟೆಲಿಗೆ ಬರುತ್ತಿದ್ದರು. ಹೊರಗಿನ ತಿನಿಸು ಒಳಗೆ ತರಕೂಡದೆಂಬ ನಿಯಮವಿತ್ತು, ರವಿವಾರ ಟ್ರಂಕಿನ ತಪಾಸಣೆಯೂ ಇತ್ತು. ನಾನು ಶನಿವಾರದ ಊಟದ ಹೊತ್ತಿಗೇ "ನಾಳೆ ತಪಾಸಣೆ ಐತಿ" ಎಂದು ದೊಡ್ಡ ದನಿಯಲ್ಲಿ ಸಾರಿಬಿಡುತ್ತಿದ್ದೆ. ನಿಯಮವೂ ಉಳಿಯುತ್ತಿತ್ತು, ಚಟ್ನಿಯೂ ಉಳಿಯುತ್ತಿತ್ತು.

ಲೀಸಾ ಹಾಲೆಂಡ್ ದೇಶದವಳು. ನಮ್ಮೂರ ಸುತ್ತಮುತ್ತ ಬೀಜದ ಕಂಪನಿಗಳು ಬಹಳ. ಅಂಥದೊಂದು ಕಂಪನಿಯವರು ಅವಳನ್ನು ಎರಡು ವರ್ಷದ ಮಟ್ಟಿಗೆ ಕರೆಸಿದ್ದರು. ಪರದೆ ಕಟ್ಟಿದ ತೋಟದಲ್ಲಿ ಟೊಮೆಟೊ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವುದನ್ನು ಹೆಣ್ಣಾಳುಗಳಿಗೆ ಕಲಿಸುವುದು ಅವಳ ಕೆಲಸ. ಅವಳು ಅವರಿಗೆ ಪರಾಗ ಕಲಿಸಿದಳು, ಅವರು ಅವಳಿಗೆ ಕನ್ನಡ ಕಲಿಸಿದರು. ಹೀಗಾಗಿ ಅವಳ ಕನ್ನಡದಲ್ಲಿ ಪುಸ್ತಕದ ವಾಸನೆ ಎಳ್ಳಷ್ಟೂ ಇರಲಿಲ್ಲ. ಮನೆ ನೋಡಲು ಬಂದ ದಿನವೇ "ಮಾಳಗಿ ಛಲೋ ಐತ್ರಿ ಅಕ್ಕಾರ, ನೀರ ಲಗೂ ಬರ್ತಾವೇನ್ರಿ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದ್ದಳು. ತಮ್ಮ ಮ್ಯಾನೇಜರನ್ನು ಅವಳು ಬಲು ಗೌರವದಿಂದ "ಆ ಮೂಳ ಸಾಹೇಬರು" ಎನ್ನುತ್ತಿದ್ದಳು. ಆ ಬೈಗುಳ ಆಳುಗಳು ಕಲಿಸಿದ್ದು. ತಿದ್ದುವ ಮನಸ್ಸು ನನಗೂ ಆಗಲಿಲ್ಲ.

ಊಟದ ವಿಷಯದಲ್ಲಿ ಅವಳದು ತಕರಾರಿಲ್ಲ. ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಹಾಕಿದ್ದನ್ನೆಲ್ಲ ಉಂಡು ತಾಟು ತೊಳೆದಿಡುವಳು. ಆದರೆ ತಿಂಗಳಿಗೊಮ್ಮೆ ಮಂಕು ಹಿಡಿಯುತ್ತಿತ್ತು. ಆಗ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ಮುಷ್ಟಿಯಷ್ಟು ಚೀಸು, ಇಟ್ಟಂಗಿಯಂಥ ಕರೀ ಬ್ರೆಡ್ಡು ತರುತ್ತಿದ್ದಳು. ಒಮ್ಮೆ ಆ ಚೀಸಿನ ಮೈಮೇಲಿದ್ದ ಬೆಲೆಯ ಚೀಟಿಯನ್ನು ನಾನು ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. "ಅವ್ವಾ ಲೀಸಾ, ಈ ರೊಕ್ಕಕ್ಕ ಒಂದು ಚೀಲ ಜೋಳ ಬರ್ತದಲ್ಲ!" ಎಂದೆ. ಅವಳು ಅದನ್ನು ಮೂಗಿಗೆ ಹಿಡಿದುಕೊಂಡೇ, "ಜೋಳಕ್ಕ ನಮ್ಮವ್ವನ ಅಡಗೀಮನಿ ವಾಸನಿ ಇರಂಗಿಲ್ರಿ ಅಕ್ಕಾರ" ಎಂದಳು. ಅವಳ ಮಾತು ನನಗೂ ಹೊಸದಲ್ಲ. ನನ್ನ ತಂಗಿಯ ಮಗಳು ಮಸ್ಕತ್ತಿನಲ್ಲಿ ನರ್ಸು. ಅಲ್ಲಿಯ ಅಂಗಡಿಯಲ್ಲಿ ಅವಳು ಬ್ಯಾಡಗಿ ಖಾರದಪುಡಿಯ ಪೊಟ್ಟಣಕ್ಕೆ ಕೊಡುವ ದುಡ್ಡು ಕೇಳಿ, ಬ್ಯಾಡಗಿಯಲ್ಲೇ ಮೆಣಸಿನಕಾಯಿ ದಲಾಲಿ ಮಾಡುವ ಗುರುಪಾದ ಕುರ್ಚಿಯಿಂದ ಎದ್ದು ನಿಂತಿದ್ದ. "ಅತ್ತಿ, ಅದು ನಾವು ಮಾರಿದ್ದ ಮಾಲು! ನಮಗ ಬಂದದ್ದು ಎಷ್ಟು, ಅವರು ತಗೋಳ್ಳೋದು ಎಷ್ಟು!" ಸಮುದ್ರ ದಾಟಿದ ಕೂಡಲೇ ತಿನಿಸಿಗೆ ಬೆಲೆ ಬರುತ್ತದೆ. ಬೆಲೆ ಕೊಡುವುದು ತಿನಿಸಿಗಲ್ಲ ಎಂದು ತಿನ್ನುವವರಿಗೆ ಮಾತ್ರ ಗೊತ್ತಿರುತ್ತದೆ.

ಈಗ ಗಾಲಿಯ ವಿಷಯ. ಲೀಸಾಳ ತಾಯಿ ಹಳ್ಳಿಯಲ್ಲಿ ಆಕಳು ಕಟ್ಟಿಕೊಂಡು ಚೀಸು ಮಾಡುತ್ತಿದ್ದವಳು. ಮೊಣಕಾಲು ಸೋತು ಹಿಂದಿನ ವರ್ಷ ಆಕಳುಗಳನ್ನು ಮಾರಿದಳು. ಕೊನೆಯ ಹಾಲಿನಲ್ಲಿ ಎರಡೇ ಎರಡು ಸಣ್ಣ ಗಾಲಿ ಚೀಸು ಮಾಡಿ, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಈ ಕಡೆ ಬರುತ್ತಿದ್ದ ಕಂಪನಿಯವರೊಬ್ಬರ ಕೈಯಲ್ಲಿ ಮಗಳಿಗೆ ಕಳಿಸಿದಳು. ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬ ಮಾರ್ಚಿನಲ್ಲಿ. ಆ ದಿನ ಅವಳು ಅಲ್ಲಿಂದ ಫೋನು ಮಾಡಬೇಕು, ತಾಯಿ ಅಲ್ಲಿ ಮತ್ತು ಮಗಳು ಇಲ್ಲಿ ಒಂದೇ ಹೊತ್ತಿಗೆ ಗಾಲಿ ಕೊಯ್ದು ತಿನ್ನಬೇಕು, ಇದು ಅವರಿಬ್ಬರ ಕರಾರು. ಇನ್ನೊಂದು ಗಾಲಿ ಇನ್ನು ಹುಟ್ಟುವಂತಿಲ್ಲ. ವಿಮಾನದವರು ಅದರ ಭಾರಕ್ಕೆ ವಸೂಲು ಮಾಡಿದ್ದನ್ನು ಕೇಳಿ ಫಕ್ಕೀರವ್ವ, "ಈ ಗಿಣ್ಣದ ಬದಲಿ ಆಕಳನ್ನ ಕುಂದ್ರಿಸಿ ಕಳಸಿದ್ರ ಇಷ್ಟ ಆಗ್ತಿತ್ತ ನೋಡ್ರಿ" ಎಂದಳು.

ಅದು ಡಿಸೆಂಬರಿನಲ್ಲಿ ಬಂತು. ಮಾರ್ಚಿನವರೆಗೆ ಇಡುವುದೆಲ್ಲಿ? ಬೇಸಿಗೆ ಹತ್ತಿರ ಬಂತೆಂದರೆ ನಮ್ಮೂರಲ್ಲಿ ಕರೆಂಟು ನೆಂಟರಂತೆ, ಬಂದಷ್ಟು ಹೊತ್ತು ಸಡಗರ. ಫ್ರಿಜ್ಜು ಬೆಳ್ಳಗೆ ಬಣ್ಣ ಬಳಿದ ಕಪಾಟಾಗಿ ನಿಂತಿರುತ್ತಿತ್ತು. ಲೀಸಾ ಗಾಲಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ನನಗೆ ಕೂಡಲೇ ಹೊಳೆಯಿತು, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್! ಗುರುಪಾದನ ಚೀಲಗಳು ಹೇಗೂ ಅಲ್ಲಿರುತ್ತವೆ. ವರ್ಷಗಟ್ಟಲೆ ಬಣ್ಣ ಕೆಡದೆ ಮೆಣಸಿನಕಾಯಿ ಮಲಗುವ ಜಾಗ, ಮೂರು ತಿಂಗಳು ಚೀಸು ಮಲಗಲಾರದೇ?

"ಅಲ್ಲಿ ಮೆಣಸಿನಕಾಯಿ ಅದಾವಲ್ರಿ?" ಎಂದಳು ಲೀಸಾ, ಅನುಮಾನದಿಂದ.

"ಮೆಣಸಿನಕಾಯಿ ಚೀಲದಾಗ ಇರ್ತಾವ, ನಿನ್ನ ಗಾಲಿ ತಗಡಿನ ಪೆಟ್ಟಿಗ್ಯಾಗ ಇರ್ತದ. ಯಾರ ಜಾಗಾದಾಗ ಅವರು. ನೂರು ಹುಡುಗ್ಯಾರನ್ನ ಒಂದ ಸೂರಿನಡಿ ಮಲಗಿಸಿದಾಕಿ ನಾನು, ನನಗ ಹೇಳ್ತೀಯಲ್ಲ!" ಎಂದೆ. ಅವಳು ಒಪ್ಪಿದಳು. ನನ್ನ ದನಿ ಅಂಥದು. ಒಪ್ಪಿದ ಮೇಲೆ ಯೋಚಿಸುವಂತೆ ಮಾಡುತ್ತದೆ.

ಹುಟ್ಟುಹಬ್ಬದ ಆ ರವಿವಾರ ಗುರುಪಾದ ಬಂದದ್ದು ಹನ್ನೆರಡರ ಸುಮಾರಿಗೆ. ಮೋಟೆಬೆನ್ನೂರಿನ ಹತ್ತಿರ ಟಯರು ಪಂಕ್ಚರಾಗಿತ್ತಂತೆ. ಬಗಲಲ್ಲಿ ಗೋಣಿಚೀಲದ ಗಂಟು. ಅದನ್ನು ಕಂಡದ್ದೇ ನಾನು ಎದ್ದು ನಿಂತೆ.

"ತಗಡಿನ ಪೆಟ್ಟಿಗಿ ಎಲ್ಲೋ?"

"ತಗಡಿನ್ಯಾಗ ಇಟ್ರ ಬೆವರ್ತದ ಅತ್ತಿ, ಬೂಷ್ಟ ಬರ್ತದ. ನಮ್ಮ ಧಂಧೇದಾಗ ಯಾರೂ ತಗಡಿನ್ಯಾಗ ಇಡಂಗಿಲ್ಲ. ಅದಕ್ಕ ಉಸರಾಡಲಿ ಅಂತ ಗೋಣಿ ಚೀಲಕ್ಕ ಹಾಕಿ, ಅಗದೀ ಒಂದ ನಂಬರ್ ಮಾಲಿನ ನಟ್ಟನಡುವ ಜಾಗಾ ಕೊಟ್ಟೇನಿ. ಹೋದ ತಿಂಗಳ ನೋಡಿದ್ರ ಮೈ ಒಣಗಿತ್ತು. ಅದಕ್ಕ ಶೇಂಗಾ ಎಣ್ಣಿ ಬ್ಯಾರೆ ಸವರೀನಿ." ಅವನ ಮುಖದಲ್ಲಿ ಬಾಣಂತನ ಮಾಡಿ ಮಗುವನ್ನು ಒಪ್ಪಿಸಲು ಬಂದವರ ಕಳೆಯಿತ್ತು.

ಗಂಟು ಬಿಚ್ಚಿದೆವು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಲೋಕವೆಲ್ಲ ಹೊಗಳುತ್ತದೆ. ಆ ಬಣ್ಣವಷ್ಟೂ ನಮ್ಮ ಗಾಲಿಯ ಮೇಲಿತ್ತು. ಹಳದಿಯಾಗಿ ಹೋದದ್ದು ಕುಂಕುಮದ ಭರಣಿಯಾಗಿ ಬಂದಿತ್ತು. ಎಣ್ಣೆಯ ಮೇಲೆ ಬೀಜಗಳು ಸಾಲಾಗಿ ಅಂಟಿದ್ದವು. ಮೊದಲು ಫಕ್ಕೀರವ್ವ ಸೀನಿದಳು, ಆಮೇಲೆ ನಾನು, ಕೊನೆಗೆ ಗುರುಪಾದ. ಸೀನದೆ ಕುಳಿತವಳು ಲೀಸಾ ಒಬ್ಬಳೇ. ಅವಳು ಗಾಲಿಯನ್ನು ನೋಡಿದಳು, ಗೋಡೆಯ ಗಡಿಯಾರವನ್ನು ನೋಡಿದಳು. ತಾಯಿಯ ಫೋನು ಬರುವ ಹೊತ್ತಾಗಿತ್ತು. ಹಾಸ್ಟೆಲಿನಲ್ಲಿ ಅಳುವ ಹುಡುಗಿಯರನ್ನು ನಾನು ಸಂಭಾಳಿಸಿದ್ದೇನೆ. ಅಳದೆ ಸುಮ್ಮನೆ ಕುಳಿತ ಹುಡುಗಿಯರ ಮುಂದೆ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ.

"ಏನಾತ್ರಿ ಬಾಯಾರ, ಕೆಟ್ಟೈತೇನ್ರಿ?" ಎಂದ ಗುರುಪಾದ. ಕಳೆ ಇಳಿದಿತ್ತು.

"ಬಾಯಿ ಮುಚ್ಚಿಕೊಂಡು ಬಿಸಿನೀರು ತಗೊಂಡು ಬಾ" ಎಂದೆ.

"ಹುಣಸೀಹಣ್ಣ ಹಚ್ಚಿ ತಿಕ್ಕಿದ್ರ ಹಿತ್ತಾಳಿ ಹಂಗ ಆಗ್ತದ್ರಿ" ಎಂದಳು ಫಕ್ಕೀರವ್ವ.

"ನೀನೂ ಮುಚ್ಚು."

ಬಿಸಿನೀರಿನ ಅರಿವೆಯಿಂದ ಒರೆಸಿದೆ. ಅರಿವೆ ಕೆಂಪಾಯಿತು, ನನ್ನ ಕೈ ಕೆಂಪಾಯಿತು, ಗಾಲಿ ಕೆಂಪಾಗಿಯೇ ಉಳಿಯಿತು. ಮರೆತು ಅದೇ ಕೈಯಿಂದ ಕಣ್ಣೊರೆಸಿಕೊಂಡೆ. ಬೆಂಗಳೂರಿಗೆ ಆಳು ಕಳಿಸಿ ಎಷ್ಟು ದುಡ್ಡಾದರೂ ಕೊಟ್ಟು ತರಿಸೋಣವೆಂದರೆ, ಈ ಆಕಳ ಚೀಸು ಯಾವ ಅಂಗಡಿಯಲ್ಲೂ ಯಾವ ಬೆಲೆಗೂ ಇಲ್ಲ. ಹೊತ್ತೂ ಇಲ್ಲ. "ಲೀಸಾ, ಅವ್ವಾ, ನನ್ನ ಮಾತು ಕೇಳಿ ಹಿಂಗಾತು" ಎಂದೆ. ಅವಳು ನನ್ನ ಕೈಯಿಂದ ಅರಿವೆ ತೆಗೆದುಕೊಂಡು, ಒದ್ದೆ ಸೆರಗಿನಿಂದ ನನ್ನ ಕಣ್ಣೊರೆಸುವಂತೆ ಫಕ್ಕೀರವ್ವನಿಗೆ ಸನ್ನೆ ಮಾಡಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಅವಳ ತಾಯಿಯ ದನಿ ಪಡಸಾಲೆಗೆಲ್ಲ ಕೇಳಿಸುವಷ್ಟು ದೊಡ್ಡದು, ಆಕಳು ಕೂಗಿ ರೂಢಿಯಾದ ದನಿ. ಲೀಸಾ ನಗುತ್ತ ಮಾತಾಡಿದಳು, ನಡುನಡುವೆ ಗಾಲಿಯ ಕಡೆ ನೋಡಿದಳು. ಬಳಿಕ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಚಾಕು ತೆಗೆದುಕೊಂಡಳು. ಅಲ್ಲಿ ಕೊಯ್ದ ಸದ್ದು ಕೇಳಿತೋ ಏನೋ, ಇಲ್ಲಿ ಇವಳೂ ಒತ್ತಿದಳು. ಗಾಲಿ ಎರಡಾಯಿತು. ಒಳಗೆ ಚೆಂಡುಹೂವಿನಂಥ ಹಳದಿ, ಹೊರಗೆ ಬೆರಳಗಲ ಕೆಂಪು. ಅವಳು ಅಂಚು ಸಹಿತ ಒಂದು ತುಂಡು ಬಾಯಿಗಿಟ್ಟುಕೊಂಡಳು. ಅಗಿದಳು. ಎರಡೂ ಕಣ್ಣಿಂದ ನೀರು ಇಳಿಯಿತು. ಅದು ತಾಯಿಗೋ ಮೆಣಸಿನಕಾಯಿಗೋ ಹೇಳಲು ಬರುವಂತಿರಲಿಲ್ಲ.

ಫೋನಿನಲ್ಲಿ ಏನೋ ಪ್ರಶ್ನೆ ಬಂತು. ಲೀಸಾ ಉತ್ತರ ಕೊಟ್ಟಳು. ಮತ್ತೊಂದು ಪ್ರಶ್ನೆ. ಅವಳು ರಿಸೀವರನ್ನು ನನ್ನ ಕೈಗೆ ತುರುಕಿದಳು. "ಅವ್ವ ನಿಮ್ಮನ್ನ ಕೇಳಾಕತ್ತಾಳ್ರಿ, ಚೀಸ್ ಹೆಂಗೈತಿ ಅಂತ. ಮನೀ ಯಜಮಾನಿ ಬಾಯಿಂದನ ಕೇಳಬೇಕಂತ."

ನನಗೆ ಆ ಭಾಷೆ ಬಾರದು, ಆಕೆಗೆ ನನ್ನದು ಬಾರದು. ಆಕೆ ಏನೋ ಒಂದಿಷ್ಟು ಮೆತ್ತಗೆ ಹೇಳಿದಳು. ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಮಗಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಗೇಟಿನ ಹತ್ತಿರ ಹಿಂತಿರುಗಿ ಬಂದು "ಅಕ್ಕಾರ, ಈಕಿ ಸರಿಯಾಗಿ ಉಣ್ಣಂಗಿಲ್ರಿ, ಒಂದೀಟು ನೋಡ್ಕೋರಿ" ಎನ್ನುವ ತಾಯಂದಿರ ರಾಗ ನನಗೆ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಗಂಟಲು ಸರಿ ಮಾಡಿಕೊಂಡು, "ಛಲೋ ಐತ್ರೀ ಅವ್ವಾ! ಭಾಳ ಛಲೋ ಐತಿ! ಹಿಂತಾದ್ದು ನಾನು ತಿಂದೇ ಇಲ್ಲ!" ಎಂದು ಹಾಲೆಂಡಿಗೆ ನೇರವಾಗಿ ಕೇಳಿಸುವಂತೆ ಕೂಗಿದೆ. ಕೊನೆಯ ಮಾತಂತೂ ಅಕ್ಷರಶಃ ನಿಜ. ನಾನಿನ್ನೂ ಅದನ್ನು ಮುಟ್ಟಿರಲಿಲ್ಲ.

ಫೋನಿಟ್ಟ ಮೇಲೆ ಲೀಸಾಳನ್ನು ಕೇಳಿದೆ, "ಅವ್ವಗ ನೀ ಏನಂದಿ?"

"ನಮ್ಮನಿ ರುಚೀನ ಐತಿ ಅಂದೇನ್ರಿ."

"ಖರೇ?"

ಅವಳು ಇನ್ನೊಂದು ತುಂಡು ತಿಂದು ವಿಚಾರ ಮಾಡಿದಳು. "ನಡುವ ನಮ್ಮವ್ವನ ಮನಿ, ಅಂಚಿಗೆ ನಿಮ್ಮ ಮನಿ. ನಾ ಅಂಚು ಬಿಡಂಗಿಲ್ರಿ." ಆಮೇಲೆ ಸೀನಿದಳು. ಆ ದಿನದ ಅವಳ ಮೊದಲ ಸೀನು. ಗುರುಪಾದನಿಗೆ ಹೋದ ಜೀವ ಬಂತು. "ಹಂಗಾರ ಉಳದದ್ದನ್ನ ಮತ್ತ ಸ್ಟೋರೇಜಿಗೆ ಒಯ್ಲೇನು ಅತ್ತಿ?" ಎಂದ. "ಬ್ಯಾಡ!" ಎಂದು ನಾವು ಮೂವರು ಹೆಂಗಸರು ಕೂಡಿ ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅವನ ಪಾಲಿನ ತುಂಡನ್ನು ಅವನು ನಿಂತಲ್ಲೇ ಮುಗಿಸಿದ. ಫಕ್ಕೀರವ್ವ ಮಾತ್ರ "ಒಂದ ಆಕಳ ಬೆಲೀದು, ನನಗ ಪಚನ ಆಗಂಗಿಲ್ರಿ" ಎಂದು ಕೈಮುಗಿದಳು.

ನನ್ನ ಸಮಸ್ಯೆ ಬೇರೆ. ಎಪ್ಪತ್ತು ವರ್ಷದ ಒಬ್ಬ ತಾಯಿಗೆ, ಹುಟ್ಟಿದ ದಿನ, ತಿನ್ನದ ಪದಾರ್ಥವನ್ನು ಹೊಗಳಿ ಸರ್ಟಿಫಿಕೇಟು ಕೊಟ್ಟಾಗಿತ್ತು. ಕೊಟ್ಟ ಸರ್ಟಿಫಿಕೇಟಿಗೆ ಪರೀಕ್ಷೆ ಬರೆಯಲೇಬೇಕು. ಹಾಲು ಹೆಪ್ಪುಗಟ್ಟಲು ಅದಕ್ಕೆ ಏನೇನು ಹಾಕಿರುತ್ತಾರೆಂದು ನಾನು ಕೇಳಲಿಲ್ಲ, ಲೀಸಾಳೂ ಹೇಳಲಿಲ್ಲ. ಮೊದಲ ತುಂಡು ಹುಳಿ ಮೊಸರಿಗೆ ಸಾಬೂನು ಕಲೆಸಿದಂತಿತ್ತು. ಒಂದೇ ತುಂಡಿನಿಂದ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಎರಡನೆಯದನ್ನು ಅಂಚಿನ ಕಡೆಯಿಂದ ತೆಗೆದುಕೊಂಡೆ. ಮೂರನೆಯದನ್ನು ಬಿಸಿ ರೊಟ್ಟಿಯಲ್ಲಿಟ್ಟು ಮಡಚಿದೆ.

ಸಂಜೆ ಗುರುಪಾದ ಹೊರಟ ಮೇಲೆ, ಉಳಿದದ್ದನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಹೊಸ ಗಡಿಗೆಯಲ್ಲಿಡುವುದೆಂದು ತೀರ್ಮಾನವಾಯಿತು. ಆ ಕೆಲಸ ನಾನೇ ಮಾಡುತ್ತೇನೆಂದು ಲೀಸಾಳನ್ನು ಮೇಲಕ್ಕೆ ಕಳಿಸಿದೆ. ಸಮನಾಗಿ ಕೊಯ್ದೆ. ಆದರೂ ಬೆರಳುದ್ದದ ಒಂದು ತುಂಡು ಹೆಚ್ಚಾಯಿತು, ಯಾವ ಅರಿವೆಯಲ್ಲೂ ಹಿಡಿಸದು. ಅಡಿಗೆಮನೆಯ ಕಟ್ಟೆಯ ಹತ್ತಿರ, ತಾಟಿಲ್ಲದೆ, ನಿಂತುಕೊಂಡೇ ಅದನ್ನು ಬಾಯಿಗೆ ಹಾಕಿಕೊಂಡೆ. ನನ್ನ ಹಾಸ್ಟೆಲಿನಲ್ಲಿ ಯಾವ ಹುಡುಗಿಯಾದರೂ ಹೀಗೆ ಸಿಕ್ಕಿದ್ದರೆ ಹೆಸರು ಹಿಡಿದು ಕರೆದು ಕಾರಣ ಕೇಳುತ್ತಿದ್ದೆ. ಹಾಗೆ ಕಾರಣ ಕೇಳುವವರು ಯಾರೂ ಅಲ್ಲಿರಲಿಲ್ಲ. ಗಡಿಗೆಯ ಬಾಯಿ ಕಟ್ಟಿ, ಚಾಕು ತೊಳೆದು ಒರೆಸಿ ಅದರ ಜಾಗದಲ್ಲಿಟ್ಟೆ.